ವ್ಯಾಕರಣದ ತರಗತಿಯಲ್ಲಿ ಅಂತರ್ಜಾಲದ ಕಳ್ಳರು

ಕರ್ಮಣಿ ಪ್ರಯೋಗ ಎಂದೊಡನೆ ಪ್ರೌಢಶಾಲೆಯ ಮಕ್ಕಳ ಮುಖ ಬಾಡುತ್ತದೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಯಾವ ಮನುಷ್ಯ ಮಾತಾಡುತ್ತಾನೆ ಸರ್ ಎಂದು ಕೇಳುವ ಹುಡುಗರು ಎಲ್ಲ ಶಾಲೆಗಳಲ್ಲೂ ಸಿಗುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮನುಷ್ಯರು ಹಾಗೆ ಮಾತಾಡುವುದಿಲ್ಲ. ಆದರೆ ಈ ಪ್ರಯೋಗವನ್ನು ಮನಸಾರೆ ಪ್ರೀತಿಸುವ ಎರಡು ವರ್ಗಗಳು ನಮ್ಮ ನಡುವೆ ಇವೆ. ಒಂದು ಸರಕಾರಿ ಕಚೇರಿ, ಇನ್ನೊಂದು ಮೊಬೈಲ್ ಫೋನಿನ ಮೂಲಕ ಹಣ ಲಪಟಾಯಿಸುವ ಕಳ್ಳರು. ಎರಡನೆಯವರು ಅದನ್ನು ಕಲಿತದ್ದು ಮೊದಲನೆಯವರಿಂದ.

2022ರಲ್ಲಿ ದೇಶದ ಉದ್ದಗಲಕ್ಕೂ ಹರಿದಾಡಿದ ಒಂದು ಸಂದೇಶ ಹಲವರಿಗೆ ನೆನಪಿರಬಹುದು. ಹಿಂದಿನ ತಿಂಗಳ ಬಿಲ್ಲು ದಾಖಲಾಗಿಲ್ಲ, ಈ ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಳಿಸಲಾಗುವುದು, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ ಎಂಬುದು ಅದರ ಸಾರಾಂಶ. ಕಡಿತಗೊಳಿಸಲಾಗುವುದು, ಸರಿ. ಕಡಿತಗೊಳಿಸುವವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಕರ್ತೃ ಇಲ್ಲದಿರುವುದರಿಂದಲೇ ಆ ವಾಕ್ಯಕ್ಕೆ ಒಂದು ಅಧಿಕಾರದ ಗತ್ತು ಬಂದಿದೆ. ‘ನಾನು ನಿಮ್ಮ ಕರೆಂಟು ತೆಗೆಯುತ್ತೇನೆ’ ಎಂದು ಒಬ್ಬ ಅಪರಿಚಿತ ಹೇಳಿದ್ದರೆ ‘ನೀನು ಯಾರಪ್ಪ?’ ಎಂದು ಕೇಳದೆ ಬಿಡುತ್ತಿದ್ದೆವೇ?

ನಾನು ವಿಜ್ಞಾನದ ಮೇಷ್ಟ್ರು. ಕನ್ನಡ ಪಂಡಿತರು ರಜೆಯಲ್ಲಿದ್ದಾಗ ಅವರ ಪೀರಿಯಡ್ಡು ಸಾಮಾನ್ಯವಾಗಿ ನನ್ನ ಪಾಲಿಗೆ ಬೀಳುತ್ತದೆ. ಹಾಗೆ ಬಿದ್ದ ಒಂದು ಪೀರಿಯಡ್ಡಿನಲ್ಲಿ ಈ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದು, ಕರ್ತರಿ ಪ್ರಯೋಗಕ್ಕೆ ತಿರುಗಿಸಿ ಎಂದೆ. ಮಕ್ಕಳು ತಿಣುಕಿದರು. ಕರ್ತೃಪದ ಕೊಟ್ಟಿಲ್ಲವಲ್ಲ ಸರ್ ಎಂದರು. ನನಗೆ ಬೇಕಾಗಿದ್ದದ್ದೂ ಅಷ್ಟೆ. ಅಂದಿನಿಂದ ನನಗೊಂದು ಅಭಿಪ್ರಾಯ ಬಲವಾಗಿದೆ. ಅಂತರ್ಜಾಲದ ಸುರಕ್ಷತೆಯನ್ನು ಗಣಕಯಂತ್ರದ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುವುದಕ್ಕಿಂತ ಭಾಷೆಯ ತರಗತಿಯಲ್ಲಿ ಕಲಿಸುವುದು ಸುಲಭ. ಏಕೆಂದರೆ ಈ ಕಳ್ಳರು ಒಡೆಯುವುದು ಯಂತ್ರವನ್ನಲ್ಲ. ಅವರ ಸಾಮಾನು ಸರಂಜಾಮೆಲ್ಲ ಮಾತು.

ಗೆ ಮತ್ತು ಇಂದ

ನಮ್ಮ ಜಿಲ್ಲೆಯ ಮನೆಗಳ ಸ್ಥಿತಿಯನ್ನು ಸ್ವಲ್ಪ ನೋಡಿ. ಮಗ ದುಬೈಯಲ್ಲಿ, ಮಗಳು ಮುಂಬಯಿಯಲ್ಲಿ ಅಥವಾ ಬೆಂಗಳೂರಿನಲ್ಲಿ. ಊರಿನ ಮನೆಯಲ್ಲಿ ಅಜ್ಜ ಅಜ್ಜಿ, ಇಲ್ಲವೇ ಅಜ್ಜಿ ಒಬ್ಬರೇ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುತ್ತದೆ. ಶಾಲೆಗೆ ಹೋದಷ್ಟು ದಿನ ಕಲಿತದ್ದು ಕನ್ನಡ. ಬ್ಯಾಂಕಿನ ಸಂದೇಶ ಬರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕಳ್ಳನ ಕರೆ ಬರುವುದು ಹೆಚ್ಚಾಗಿ ಹಿಂದಿಯಲ್ಲಿ. ಹಿಂದೆ ಮುಂಬಯಿಯಿಂದ ಕಾಗದ ಬಂದರೆ ಅಂಚೆಯಣ್ಣನೋ ಶಾಲೆಯ ಮಾಷ್ಟ್ರೋ ಓದಿ ಹೇಳುತ್ತಿದ್ದರು. ಈಗ ಆ ಕೆಲಸ ಎಂಟನೆಯ, ಒಂಬತ್ತನೆಯ ತರಗತಿಯ ಮೊಮ್ಮಕ್ಕಳ ಪಾಲಿಗೆ ಬಂದಿದೆ. ಅಜ್ಜಿಯ ಜೀವಮಾನದ ಉಳಿತಾಯಕ್ಕೆ ಕಾವಲು ಕುಳಿತಿರುವುದು ಹದಿನಾಲ್ಕು ವರ್ಷದ ಒಂದು ಮಗು ಎಂಬುದನ್ನು ನಾವು ಅಧ್ಯಾಪಕರು ಲಕ್ಷಿಸಬೇಕು.

ಆ ಮಗುವಿಗೆ ಮೊದಲು ತಿಳಿಯಬೇಕಾದದ್ದು ಎರಡು ಇಂಗ್ಲಿಷ್ ಪದಗಳು, ಕ್ರೆಡಿಟೆಡ್ ಮತ್ತು ಡೆಬಿಟೆಡ್. ಅವನ್ನು ಕನ್ನಡಕ್ಕೆ ತಂದರೆ ಉಳಿಯುವುದು ಎರಡು ವಿಭಕ್ತಿ ಪ್ರತ್ಯಯಗಳು: ಖಾತೆಗೆ, ಖಾತೆಯಿಂದ. ‘ಗೆ’ ಬಂದರೆ ಹಣ ಬಂತು, ‘ಇಂದ’ ಬಂದರೆ ಹೋಯಿತು. (ಈ ‘ಇಂದ’ ತೃತೀಯೆಯೋ ಪಂಚಮಿಯೋ ಎಂಬ ಪಂಡಿತರ ಜಗಳ ಇಲ್ಲಿ ಬೇಡ.) ಮೋಸಗಾರರ ಒಂದು ಹಳೆಯ ವರಸೆ ಈ ಎರಡು ಪ್ರತ್ಯಯಗಳನ್ನು ಅದಲುಬದಲು ಮಾಡುವುದೇ ಆಗಿತ್ತು. ನಿಮ್ಮ ಖಾತೆಗೆ ಹಣ ಹಾಕುತ್ತೇನೆ, ಪಿನ್ ಒತ್ತಿ ಸ್ವೀಕರಿಸಿ ಎಂದು ಹೇಳುತ್ತಿದ್ದರು. ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾದ ಸಂದರ್ಭವೇ ಇಲ್ಲ. ಪಿನ್ ಕೇಳಿತೆಂದರೆ ಅದು ಖಾತೆಯಿಂದ, ಖಾತೆಗೆ ಅಲ್ಲ. ಈ ದಾರಿಯಿಂದ ನಡೆದ ಮೋಸ ಹೆಚ್ಚಾದುದರಿಂದ ಒಬ್ಬ ವ್ಯಕ್ತಿ ಇನ್ನೊಬ್ಬನಿಂದ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಪಿನ್ ಒತ್ತಿಸುವ ಉಪಾಯಗಳು ನಿಂತಿಲ್ಲ. ಹಣ ಬರುತ್ತದೆ ಎಂದು ಚೌಕಾಕಾರದ ಕ್ಯೂಆರ್ ಸಂಕೇತ ಕಳುಹಿಸಿ ಸ್ಕ್ಯಾನ್ ಮಾಡಿಸುವವರು ಇನ್ನೂ ಇದ್ದಾರೆ.

ನಂಬಿಕೆಯ ಮೇಲೆ ಹಣದ ವ್ಯವಹಾರ ನಡೆಸುವುದು ಈ ಊರಿಗೆ ಹೊಸತಲ್ಲ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲೇ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಪಡೆಯಲು ಏಜೆಂಟರು ಮನೆಬಾಗಿಲಿಗೇ ಬರುತ್ತಿದ್ದರು. ಆ ಏಜೆಂಟನ ಮನೆ ಎಲ್ಲಿ, ಅವನ ತಾಯಿ ಯಾರು ಎಂಬುದೆಲ್ಲ ಹಣ ಕೊಡುವವರಿಗೆ ಗೊತ್ತಿರುತ್ತಿತ್ತು. ಗಣಕಶಾಸ್ತ್ರದವರು ‘ದೃಢೀಕರಣ’ ಎಂದು ದೊಡ್ಡದಾಗಿ ಕರೆಯುವುದು ಇದನ್ನೇ. ಈಗ ಮನೆಬಾಗಿಲಿಗೆ ಬರುವುದು ಮುಖವಿಲ್ಲದ ಒಂದು ದನಿ, ಅಥವಾ ಮೂರು ಸಾಲು ಅಕ್ಷರ.

ತಲೆ ಯಾವುದು, ಬಾಲ ಯಾವುದು

ಸಮಾಸ ಪ್ರಕರಣಕ್ಕೆ ಬರೋಣ. ಅರಸನ ಮನೆ ಅರಮನೆ, ಮಳೆಯ ಕಾಲ ಮಳೆಗಾಲ. ತತ್ಪುರುಷ ಸಮಾಸದಲ್ಲಿ ಕೊನೆಯ ಪದದ ಅರ್ಥವೇ ಪ್ರಧಾನ. ಮಳೆಗಾಲವೆಂಬುದು ಒಂದು ಬಗೆಯ ಕಾಲವೇ ಹೊರತು ಒಂದು ಬಗೆಯ ಮಳೆಯಲ್ಲ. ಅಂತರ್ಜಾಲದ ವಿಳಾಸಗಳ ರಚನೆಯೂ ಹೀಗೆಯೇ ಇದೆ. ಬಿಂದು ಬಿಂದುಗಳಿಂದ ಬೇರ್ಪಟ್ಟ ತುಂಡುಗಳಲ್ಲಿ ಒಡೆಯ ಯಾರೆಂದು ಹೇಳುವುದು ಬಲತುದಿಯ ತುಂಡುಗಳು. ಎಡಗಡೆಯ ತುಂಡಿನಲ್ಲಿ ಯಾರು ಬೇಕಾದರೂ ಯಾವ ಬ್ಯಾಂಕಿನ ಹೆಸರನ್ನು ಬೇಕಾದರೂ ಬರೆದುಕೊಳ್ಳಬಹುದು, ಬಾಡಿಗೆ ಮನೆಯ ಗೇಟಿಗೆ ‘ಅರಮನೆ’ ಎಂದು ಫಲಕ ಹಾಕಿದಂತೆ. ಓರೆಗೆರೆ ಬಂದ ಮೇಲೆ ಇರುವುದು ವಿಳಾಸವೇ ಅಲ್ಲ, ಮನೆಯೊಳಗಿನ ಕೋಣೆ.

ರಿಸರ್ವ್ ಬ್ಯಾಂಕು 2025ರಲ್ಲಿ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ದೇಶದ ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಿಸಬೇಕೆಂದು ಆದೇಶಿಸಿತು. ಈ ಬಾಲವನ್ನು ಹಂಚುವ ಅಧಿಕಾರ ಇರುವುದು ಐಡಿಆರ್‌ಬಿಟಿ ಎಂಬ ಒಂದೇ ಸಂಸ್ಥೆಗೆ. ಬ್ಯಾಂಕಲ್ಲದವರಿಗೆ ಅದು ಸಿಗದು. ಆದರೆ ಇಲ್ಲಿ ಪದಚ್ಛೇದ ಸರಿಯಾಗಿ ಆಗಬೇಕು. ‘ಬ್ಯಾಂಕ್’ ಪದಕ್ಕೆ ಮೊದಲು ಬಿಂದು ಇದ್ದರೆ ಅದು ಬ್ಯಾಂಕಿನದು. ಬಿಂದುವಿನ ಬದಲು ಅಡ್ಡಗೆರೆ ಇದ್ದರೆ ಅಥವಾ ಹಿಂದಿನ ಪದಕ್ಕೆ ಅಂಟಿಕೊಂಡಿದ್ದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಸಾಧಾರಣ ವಿಳಾಸ. ‘ಬ್ಯಾಂಕ್ ಡಾಟ್ ಇನ್’ ನಡುವೆ ಬಂದು ಅದರ ಮುಂದೆ ಮತ್ತೊಂದು ಬಿಂದು, ಮತ್ತೊಂದು ಪದ ಇದ್ದರೆ ಅದು ಬೇರೆಯವರ ಮನೆ. ಒಂದು ಚುಕ್ಕೆಗೆ ಇಷ್ಟು ಬೆಲೆಯೇ ಎಂದು ಮಕ್ಕಳು ಬೆರಗಾದರು. ಸಂಧಿ ಬಿಡಿಸುವಾಗ ಅಕ್ಷರ ನುಂಗುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು.

ಅಕ್ಷರಗಳ ವಿಷಯದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ನಮ್ಮ ಅನುಸ್ವಾರವನ್ನೂ ಕನ್ನಡ ಅಂಕೆಯ ಸೊನ್ನೆಯನ್ನೂ ಪಕ್ಕದಲ್ಲಿಟ್ಟು ನೋಡಿ: ಂ, ೦. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಹಾಗಲ್ಲ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಅನುಸ್ವಾರಕ್ಕೆ 3202, ಸೊನ್ನೆಗೆ 3302. ಕನ್ನಡದ ‘ರ’ ಮತ್ತು ತೆಲುಗಿನ ‘ర’ ಅಕ್ಕತಂಗಿಯರಂತಿವೆ; ಒಂದರ ಸಂಖ್ಯೆ 3248, ಇನ್ನೊಂದರದು 3120. ಇಂಥ ಅವಳಿಗಳು ಎಲ್ಲ ಲಿಪಿಗಳಲ್ಲೂ ಇವೆ. 2017ರಲ್ಲಿ ಸಂಶೋಧಕರೊಬ್ಬರು ರಷ್ಯನ್ ಮುಂತಾದ ಭಾಷೆಗಳ ಸಿರಿಲಿಕ್ ಅಕ್ಷರಗಳಿಂದಲೇ ಆಪಲ್ ಕಂಪೆನಿಯ ವಿಳಾಸದ ಪಡಿಯಚ್ಚಿನಂತಿರುವ ವಿಳಾಸವೊಂದನ್ನು ನೋಂದಾಯಿಸಿ ತೋರಿಸಿದರು. ಕೆಲವು ಬ್ರೌಸರುಗಳು ಏಮಾರಿದವು, ಆಮೇಲೆ ಸರಿಪಡಿಸಿಕೊಂಡವು. ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಅವಕಾಶವಿರುವುದರಿಂದ ಈ ಅವಳಿಗಳ ಪರಿಚಯ ನಮ್ಮ ಮಕ್ಕಳಿಗೂ ಇರಬೇಕು.

ಈ ಊರಿನ ಮೇಷ್ಟ್ರುಗಳು

ಭಾಷೆಗೂ ಗಣಕಕ್ಕೂ ಎತ್ತಣ ಸಂಬಂಧ ಎನ್ನುವವರಿಗೆ ಉತ್ತರ ಮಣಿಪಾಲದಲ್ಲೇ ಇದೆ. ಕನ್ನಡವನ್ನು ಗಣಕಕ್ಕೆ ತಂದವರಲ್ಲಿ ಮೊದಲ ಸಾಲಿನವರಾದ ಕೆ.ಪಿ. ರಾಯರು ಕಿನ್ನಿಕಂಬಳದವರು, ಮಣಿಪಾಲದ ಒಡನಾಟದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಅದು ಯಾವ ಯಂತ್ರಜ್ಞನ ಹೆಸರೂ ಅಲ್ಲ, ಛಂದಸ್ಸಿನ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದು. ರಾಯರ ಕೀಲಿಮಣೆಯ ಯುಕ್ತಿಯನ್ನು ನೋಡಿದರೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ. ನೂರಾರು ಒತ್ತಕ್ಷರ, ಗುಣಿತಾಕ್ಷರಗಳಿಗೆ ಬೇರೆ ಬೇರೆ ಕೀಲಿ ಬೇಡ. ಮೂಲವ್ಯಂಜನ, ಸ್ವರ, ಎರಡನ್ನು ಬೆಸೆಯಲು ಒಂದು ಕೊಂಡಿ ಇಷ್ಟಿದ್ದರೆ ಸಾಕು, ಉಳಿದದ್ದನ್ನು ಯಂತ್ರವೇ ಕೂಡಿಸಿಕೊಳ್ಳುತ್ತದೆ. ಇದು ನಾವು ಒಂದನೆಯ ತರಗತಿಯಲ್ಲಿ ಕಲಿಸುವ ಕಾಗುಣಿತವಲ್ಲದೆ ಬೇರೇನು? ರಾಜ್ಯ ಸರಕಾರ ಒಪ್ಪಿದ ಕೀಲಿಮಣೆಗೆ ಆಧಾರ ಇದೇ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಂಥ ಕಡೆ ಭಾಷಾ ವಿಭಾಗದ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದದ್ದೂ, 2016ರಲ್ಲಿ ತುಳು ವಿಕಿಪೀಡಿಯ ಕಣ್ಣು ತೆರೆದದ್ದೂ ಆಮೇಲಿನ ಕತೆ.

ಕಾರ್ಕಳದ ಕಡೆಯ ಇನ್ನೊಬ್ಬ ಮೇಷ್ಟ್ರ ಕತೆಯಂತೂ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಅಧ್ಯಾಪಕರಾಗಿದ್ದುಕೊಂಡು ಕಾವ್ಯ ಬರೆದರು. ತಮ್ಮದೆಂದು ಹೇಳಿಕೊಳ್ಳಲಿಲ್ಲ. ಮುದ್ದಣನೆಂಬ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳುಹಿಸಿದರು, ಅಲ್ಲಿಯವರು ನಂಬಿ ಅಚ್ಚು ಹಾಕಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಕವಿ ತೀರಿಕೊಂಡ ಮೇಲೆಯೇ ನಿಜ ಸಂಗತಿ ಬಹುಜನಕ್ಕೆ ತಿಳಿದದ್ದು. ಅವರದು ನಿರ್ವ್ಯಾಜವಾದ ಮರೆ. ಯಾರ ಕಾಸೂ ಹೋಗಲಿಲ್ಲ, ಕನ್ನಡಕ್ಕೆ ಬಂಗಾರ ಸಿಕ್ಕಿತು. ಆದರೂ ಮಕ್ಕಳಿಗೆ ನಾನು ಕೇಳುವುದು ಇಷ್ಟು: ವಿದ್ವಾಂಸರೇ ಹೆಸರೊಂದನ್ನು ನೋಡಿ ನಂಬಿದರೆಂದ ಮೇಲೆ, ಫೋನಿನ ಪರದೆಯ ಮೇಲೆ ‘ಬ್ಯಾಂಕ್ ಮ್ಯಾನೇಜರ್’ ಎಂದು ಬಂದ ಹೆಸರನ್ನೋ, ಪೊಲೀಸ್ ಸಮವಸ್ತ್ರದ ಚಿತ್ರವನ್ನೋ ಅಜ್ಜಿ ನಂಬುವುದರಲ್ಲಿ ಆಶ್ಚರ್ಯವಿದೆಯೇ?

ಬಲೆಯ ಬಗೆಗಳು

ಪಾರಿಭಾಷಿಕ ಪದಗಳ ವಿಷಯದಲ್ಲಿ ನನ್ನನ್ನು ತಿದ್ದಿದ್ದು ಕಾಪು ಕಡೆಯ ಒಬ್ಬಳು ಹುಡುಗಿ. ‘ಫಿಶಿಂಗ್’ ಪದವನ್ನು ಇಂಗ್ಲಿಷಿನವರು ಬೇರೆ ಅಕ್ಷರದಲ್ಲಿ ಬರೆದು ಮೀನು ಹಿಡಿಯುವುದಕ್ಕಿಂತ ಭಿನ್ನವೆಂದು ತೋರಿಸುತ್ತಾರೆ. ಕನ್ನಡದಲ್ಲಿ ಬರೆದರೆ ಆ ಭೇದ ಅಳಿಸಿಹೋಗುತ್ತದೆ. ಹಾಗಾದರೆ ‘ಗಾಳ ಹಾಕುವುದು’ ಎನ್ನೋಣ ಎಂದು ನಾನು ಹೇಳಿದೆ. ‘ಅಲ್ಲ ಸರ್, ಗಾಳ ಒಂದು ಮೀನಿಗೆ. ಊರಿಗೆಲ್ಲ ಒಂದೇ ಮೆಸೇಜು ಬಂದರೆ ಅದು ರಂಪಣಿ’ ಎಂದಳು ಅವಳು. ಸಮುದ್ರದಂಡೆಯಿಂದ ಹತ್ತಾರು ಜನ ಸೇರಿ ಎಳೆಯುವ ಆ ಉದ್ದನೆಯ ಬಲೆಯಲ್ಲಿ ಯಾವ ಮೀನು ಸಿಗುತ್ತದೆಂಬುದು ಎಳೆಯುವವರಿಗೆ ಮೊದಲೇ ತಿಳಿದಿರುವುದಿಲ್ಲ, ಸಿಕ್ಕಿದ್ದು ಸಿಕ್ಕಿತು. ಕರೆಂಟು ತೆಗೆಯುವ ಸಂದೇಶ ರಂಪಣಿ. ನಿಮ್ಮ ಹೆಸರು, ಮಗನ ಹೆಸರು, ಅವನು ದುಬೈಯಲ್ಲಿರುವುದು ಎಲ್ಲವನ್ನೂ ತಿಳಿದುಕೊಂಡು, ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದಾನೆ ಎಂದು ಬರುವ ಕರೆ ಗಾಳ. ಪಠ್ಯಪುಸ್ತಕ ಬರೆಯುವವರು ಈ ಹುಡುಗಿಯ ಪದಗಳನ್ನು ತೆಗೆದುಕೊಳ್ಳಬಹುದು.

ಅದೇ ಕಾಪುವಿನ ದೀಪಸ್ತಂಭ 1901ರದ್ದು. ಪ್ರತಿ ದೀಪಸ್ತಂಭವೂ ತನ್ನದೇ ಲಯದಲ್ಲಿ ಮಿನುಗುತ್ತದೆ. ನಾವಿಕರು ಆ ಲಯವನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಇದು ಯಾವ ಊರೆಂದು ತಿಳಿಯುತ್ತಾರೆ. ಬೆಳಕು ಕಂಡಿತೆಂದು ದೋಣಿ ತಿರುಗಿಸುವುದಿಲ್ಲ. ಕರೆ ಬಂದಾಗ ಮಾಡಬೇಕಾದದ್ದೂ ಇಷ್ಟೆ. ಕರೆ ಕಡಿದು, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ನಾವೇ ಕರೆ ಮಾಡಿ ತಾಳೆ ನೋಡುವುದು. ವಿಡಿಯೋ ಕರೆಯಲ್ಲಿ ಕಟ್ಟಿಹಾಕುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಅದನ್ನು ಹೇಳಬೇಕಾಗಿ ಬಂತು. ಕಾಗುಣಿತದ ತಪ್ಪು ನೋಡಿ ಕಳ್ಳನನ್ನು ಹಿಡಿಯಬಹುದು ಎಂಬ ಹಳೆಯ ಸಲಹೆಯನ್ನು ಮಾತ್ರ ನಾನು ಈಗ ಕೊಡುವುದಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಗಳು ನಮ್ಮ ಕೆಲವು ಕಚೇರಿಗಳಿಗಿಂತ ಶುದ್ಧವಾದ ಕನ್ನಡ ಬರೆಯುತ್ತವೆ.

ಗುಪ್ತಸಂಖ್ಯೆಯ ಲೆಕ್ಕ ನನ್ನ ಸ್ವಂತ ವಿಷಯವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ನಾಲ್ಕು ಅಂಕಿಯ ಪಿನ್ನಿಗೆ 10,000 ಸಾಧ್ಯತೆಗಳು. ಹುಟ್ಟಿದ ದಿನ, ತಿಂಗಳನ್ನು ಇಟ್ಟರೆ ಅದು 366ಕ್ಕೆ ಇಳಿಯುತ್ತದೆ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಗುಪ್ತಪದಕ್ಕೆ ಸುಮಾರು 20,882 ಕೋಟಿ. ಯಂತ್ರಕ್ಕೆ ಅದೂ ಬಹಳವಲ್ಲ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸಾಲಾಗಿ ಇಟ್ಟರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಅಮೆರಿಕದ ಮಾನದಂಡ ಸಂಸ್ಥೆ 2017ರಲ್ಲಿ ಹೇಳಿದ್ದೂ ಚಿಹ್ನೆಗಳ ಸರ್ಕಸ್ಸಿಗಿಂತ ಉದ್ದ ಮುಖ್ಯ ಎಂದೇ. ಗಾದೆಯನ್ನೋ ಭಜನೆಯ ಸಾಲನ್ನೋ ಇಡಬೇಡಿ, ಅವು ಎಲ್ಲರ ಬಾಯಲ್ಲೂ ಇವೆ.

ಪಿನ್ ನೆನಪಿಡಲು ನಮ್ಮಲ್ಲೊಂದು ಹಳೆಯ ವಿದ್ಯೆ ಇದೆ, ಕಟಪಯಾದಿ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗುವುದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವುದು. ಕರ್ನಾಟಕ ಸಂಗೀತದ ಮೇಳಗಳ ಹೆಸರಿನಲ್ಲಿ ಅವುಗಳ ಕ್ರಮಸಂಖ್ಯೆ ಅಡಗಿರುವುದು ಹೀಗೆಯೇ. ಧೀರಶಂಕರಾಭರಣದ ‘ಧ’ ಒಂಬತ್ತು, ‘ರ’ ಎರಡು, ತಿರುಗಿಸಿದರೆ 29. ನಮ್ಮ ‘ಮಳೆಗಾಲ’ವನ್ನು ತೆಗೆದುಕೊಂಡರೆ ಮ 5, ಳ 9, ಗ 3, ಲ 3, ತಿರುಗಿಸಿದರೆ 3395. (ಪತ್ರಿಕೆಯಲ್ಲಿ ಬಂದ ಮೇಲೆ ಈ ಸಂಖ್ಯೆಯನ್ನು ಯಾರೂ ಇಟ್ಟುಕೊಳ್ಳಬಾರದು!) ಸಂಗೀತ ಕಲಿಯುವ ಒಂದಿಬ್ಬರು ಹುಡುಗಿಯರು ಇದನ್ನು ನನಗಿಂತ ವೇಗವಾಗಿ ಮಾಡುತ್ತಾರೆ.

ಆದರೆ ಒಂದೇ ಬೀಗ ಸಾಲದು. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ತೆರನಾದ ನಾಲ್ಕು ಬಾಗಿಲು. ಯಾವುದರಿಂದ ಹೋದರೂ ಒಂದೇ ಗರ್ಭಗೃಹಕ್ಕೆ ತಲಪುತ್ತೀರಿ. ನಮ್ಮ ಖಾತೆಯೂ ಹಾಗೆಯೇ. ಪಿನ್ ಒಂದು ಬಾಗಿಲು, ಇ-ಮೇಲ್ ಇನ್ನೊಂದು, ಸಿಮ್ ಕಾರ್ಡು ಮೂರನೆಯದು, ನಾಲ್ಕನೆಯದು ನಮ್ಮ ಬಾಯಿ. ಮೂರಕ್ಕೆ ಬೀಗ ಜಡಿದು ನಾಲ್ಕನೆಯದನ್ನು ತೆರೆದಿಟ್ಟರೆ ಕಳ್ಳನಿಗೆ ಅದೇ ಸಾಕು.

ಹಣ ಹೋಗಿಯೇ ಬಿಟ್ಟರೆ? ಅಳುತ್ತ ಕೂರದೆ, ಮನೆಯವರಿಗೆ ಹೇಳಲು ನಾಚದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಅದು ನಗದಾಗಿ ಹೊರಬೀಳುವ ಮೊದಲು ತಡೆಯುವ ಏರ್ಪಾಡು ಆ ಸಂಖ್ಯೆಯ ಹಿಂದೆ ಇದೆ. ನಾಳೆ ನೋಡೋಣ ಎಂದರೆ ನೋಡಲು ಏನೂ ಉಳಿದಿರುವುದಿಲ್ಲ. ಮೊಮ್ಮಕ್ಕಳು ಅಜ್ಜಿಯನ್ನು ಗದರದೆ ಇರುವುದೂ ಮುಖ್ಯ. ಬೈಗುಳದ ಹೆದರಿಕೆಯಿಂದ ಎರಡು ದಿನ ಬಾಯಿ ಬಿಡದೆ ಕೂತು ಎಲ್ಲವನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ.

ಕನ್ನಡದಲ್ಲಿ ಎಚ್ಚರಿಕೆ ಕಳುಹಿಸಬಹುದಲ್ಲ ಎಂದರೆ ಬ್ಯಾಂಕಿನ ಮಿತ್ರರು ಒಂದು ತಾಂತ್ರಿಕ ಕಾರಣ ಹೇಳುತ್ತಾರೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ, ಕನ್ನಡದ್ದು 70 ಮಾತ್ರ. ಅದರಲ್ಲೂ ‘ಖ್ಯೆ’ ನಮಗೆ ಒಂದು ಅಕ್ಷರವಾದರೆ ಯಂತ್ರಕ್ಕೆ ಖ, ಅರ್ಧಾಕ್ಷರದ ಕೊಂಡಿ, ಯ, ಎತ್ವ ಹೀಗೆ ನಾಲ್ಕು. ಮಾತು ನಿಜ. ಸರಿ, 70ರೊಳಗೆ ಬರೆಯಿರಿ ನೋಡೋಣ ಎಂದು ಒಂಬತ್ತನೆಯ ತರಗತಿಗೆ ಮನೆಗೆಲಸ ಕೊಟ್ಟೆ. ಓಟಿಪಿಯ ಆರು ಅಂಕಿ, ಅದರ ಮುಂದಿನ ಖಾಲಿ ಜಾಗ, ಪೂರ್ಣವಿರಾಮ ಎಲ್ಲ ಲೆಕ್ಕಕ್ಕೆ ಸೇರಬೇಕು. ಬಂದ ಉತ್ತರಗಳಲ್ಲಿ ಒಂದನ್ನು ನಾನೂ ಕನ್ನಡ ಪಂಡಿತರೂ ಎರಡೆರಡು ಸಲ ಎಣಿಸಿದೆವು, ಸರಿಯಾಗಿ 70 ಇತ್ತು:

‘483920 ಈ ಸಂಖ್ಯೆ ಯಾರಿಗೂ ಹೇಳಬೇಡಿ. ಬ್ಯಾಂಕಿನವರೂ ಕೇಳುವುದಿಲ್ಲ. ಹಣ ಹೋಗುತ್ತದೆ.’